ಏಳು ಬಾಟಲಿ, ನಾಲ್ಕು ಗಾಜಿನ ಕೊಳವೆ: ಮೀನು ಬರುವ ಮೊದಲಿನ 36 ದಿನ

ಮೀನಿನ ತೊಟ್ಟಿಗೆಂದು ನಾನು ಕೊಂಡ ವಸ್ತುಗಳಲ್ಲಿ ನೋಡುವುದಕ್ಕೆ ಎಲ್ಲಕ್ಕಿಂತ ಸಪ್ಪೆಯಾದದ್ದು ನೀರು ಪರೀಕ್ಷಿಸುವ ಕಿಟ್ಟಿನ ಈ ಪೆಟ್ಟಿಗೆ. ಒಳಗೆ ಹನಿ ಹಾಕುವ ಏಳು ಪುಟ್ಟ ಬಾಟಲಿಗಳು, ಮುಚ್ಚಳವಿರುವ ನಾಲ್ಕು ಗಾಜಿನ ಕೊಳವೆಗಳು, ಬಣ್ಣದ ಚೌಕಗಳನ್ನು ಅಚ್ಚು ಹಾಕಿದ ಒಂದು ರಟ್ಟು, ಇರುವೆ ಸಾಲಿನಂಥ ಅಕ್ಷರಗಳ ಒಂದು ಚೀಟಿ. ಇಷ್ಟೇ. ದೀಪ, ಗಿಡ, ಕಲ್ಲು, ಹಿನ್ನೆಲೆಯ ಚಿತ್ರ ಎಲ್ಲವನ್ನೂ ಕೊಂಡು, ಹಣ ಉಳಿದರೆ ನೋಡೋಣ ಎಂದು ಬಹಳ ಜನ ಇದನ್ನು ಕೊನೆಗೆ ಇಡುತ್ತಾರೆ. ಈ ಸಲ ನಾನು ಮೊದಲು ಕೊಂಡದ್ದೇ ಇದನ್ನು, ತೊಟ್ಟಿಗಿಂತಲೂ ಮೊದಲು.

ಅದಕ್ಕೆ ಕಾರಣವಿದೆ. ಏಳು ವರ್ಷಗಳ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಒಂದು ತೊಟ್ಟಿ ತಂದಿದ್ದೆವು. ಸಂಜೆ ನಲ್ಲಿನೀರು ತುಂಬಿಸಿ, ಕ್ಲೋರಿನ್ ತೆಗೆಯುವ ಹನಿಗಳನ್ನು ಹಾಕಿ, ಒಂದು ಗಂಟೆ ಬಿಟ್ಟು ಮೂರು ಗೋಲ್ಡ್ ಫಿಷ್ ಬಿಟ್ಟೆವು. ನೀರು ಸ್ಫಟಿಕದಂತೆ ಇತ್ತು. ನಾಲ್ಕನೆಯ ದಿನ ಮೂರೂ ಮೇಲೆ ಬಂದು ಬಾಯಿ ತೆರೆದು ಗಾಳಿಗೆ ಹಾತೊರೆಯತೊಡಗಿದವು. ಕಿವಿರುಗಳ ಅಂಚು ಕೆಂಪಗಾಗಿತ್ತು. ಹಸಿವಿರಬೇಕೆಂದು ನಾನು ಇನ್ನಷ್ಟು ಆಹಾರ ಹಾಕಿದೆ. ಒಂಬತ್ತನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ‘ನೀರು ಇಷ್ಟು ಚೊಕ್ಕವಾಗಿದೆಯಲ್ಲಮ್ಮ, ಯಾಕೆ ಸತ್ತವು?’ ಎಂದು ಮಗಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಈ ಪೆಟ್ಟಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೀನು ತನ್ನ ದೇಹದ ಸಾರಜನಕದ ಕಸವನ್ನು ಬಹುಪಾಲು ಅಮೋನಿಯದ ರೂಪದಲ್ಲಿ ಕಿವಿರುಗಳಿಂದಲೇ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಬರುವುದು ಅದೇ. ತೊಟ್ಟಿಯಲ್ಲಿ ಇರುವ ಮಟ್ಟದ ಅಮೋನಿಯಕ್ಕೆ ಬಣ್ಣವಿಲ್ಲ, ನಮ್ಮ ಮೂಗಿಗೆ ಸಿಗುವಷ್ಟು ವಾಸನೆಯೂ ಇಲ್ಲ. ಹಳೆಯ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ: ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ, ನೀರಿನಲ್ಲಿ ಬೇಕಾದಷ್ಟು ಆಮ್ಲಜನಕವಿದ್ದರೂ ಮೀನಿಗೆ ಉಸಿರು ಕಟ್ಟುತ್ತದೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಕ್ರೂರವಲ್ಲ, ಆಗಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಹೊಸ ತೊಟ್ಟಿಯಲ್ಲಿ ಈ ಎರಡು ಬಗೆಯ ಬ್ಯಾಕ್ಟೀರಿಯಗಳೂ ಸಾಕಷ್ಟು ಇರುವುದಿಲ್ಲ. (ಎರಡೂ ಹಂತಗಳನ್ನು ಒಂದೇ ಜೀವಿ ಮುಗಿಸಬಲ್ಲದು ಎಂಬುದು 2015ರಲ್ಲಿ ಪತ್ತೆಯಾಯಿತು. ಅಲ್ಲಿಯವರೆಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಎರಡು ಗುಂಪು ಬೇಕೇ ಬೇಕು ಎಂದು ತಿಳಿದಿದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.) ನನ್ನ ಮೂರು ಮೀನುಗಳು ಅಡುಗೆಮನೆಯಾಗಲಿ ಬಚ್ಚಲಾಗಲಿ ಇಲ್ಲದ ಮನೆಯಲ್ಲಿ ಸಂಸಾರ ಹೂಡಿದಂತಾಗಿತ್ತು.

ಈಗ ತೊಟ್ಟಿಯ ವಿಷಯ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಲೆಕ್ಕಕ್ಕೆ 54 ಲೀಟರ್, ಜಲ್ಲಿ ಹಾಸಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ನಿಜವಾಗಿ ಹಿಡಿಯುವುದು ಸುಮಾರು 45. ಗಟ್ಟಿಯಾದ ಮೇಜಿನ ಮೇಲೆ ಫೋಮ್ ಹಾಸಿ, ಮಟ್ಟ ನೋಡಿ ಕೂರಿಸಿದೆ. ಸೋರುತ್ತದೆಯೇ ಎಂದು ಬರಿಯ ನೀರು ತುಂಬಿ ಒಂದು ದಿನ ಬಿಟ್ಟೆ. ಜಲ್ಲಿಯನ್ನು ಅಕ್ಕಿ ತೊಳೆದಂತೆ ಹತ್ತಾರು ಸಲ ತೊಳೆದೆ, ಸಾಬೂನು ಮುಟ್ಟಿಸಲಿಲ್ಲ. ಕಲ್ಲುಗಳ ಮೇಲೆ ವಿನೆಗರ್ ಹನಿಸಿದಾಗ ಒಂದು ಕಲ್ಲು ಬುರುಬುರು ನೊರೆಯಾಡಿತು. ಅದರಲ್ಲಿ ಸುಣ್ಣದ ಅಂಶವಿದೆ, ನೀರನ್ನು ಗಡಸು ಮಾಡುತ್ತದೆ ಎಂದು ಅದನ್ನು ಹೊರಗಿಟ್ಟೆ. ಸ್ಪಂಜಿನ ಫಿಲ್ಟರ್ ಹಾಕಿ, ಹೀಟರನ್ನು 27 ಡಿಗ್ರಿಗೆ ಇಟ್ಟೆ. ಇದೆಲ್ಲ ಒಂದು ದಿನದ ಕೆಲಸ. ಉಳಿದ 35 ದಿನ ಕಾದದ್ದು ಕಣ್ಣಿಗೆ ಕಾಣದ ಕೆಲಸಕ್ಕೆ. ಆ ಕೆಲಸ ನಡೆಯುತ್ತಿದೆಯೋ ಇಲ್ಲವೋ ಎಂದು ಹೇಳಲು ಮನೆಯಲ್ಲಿ ಈ ಪೆಟ್ಟಿಗೆಯೊಂದೇ ಇತ್ತು.

ಬಳಸುವ ವಿಧಾನ ಹೀಗೆ. ಗಾಜಿನ ಕೊಳವೆಯನ್ನು ತೊಟ್ಟಿಯ ನೀರಿನಲ್ಲೇ ಜಾಲಿಸಿ, 5 ಮಿಲಿಲೀಟರ್ ಗೆರೆಯವರೆಗೆ ತುಂಬಬೇಕು. ಅಮೋನಿಯಕ್ಕೆ ಮೊದಲ ಬಾಟಲಿಯಿಂದ ಎಂಟು ಹನಿ, ಎರಡನೆಯದರಿಂದ ಎಂಟು ಹನಿ. ಮುಚ್ಚಳ ಹಾಕಿ ಕುಲುಕಿ ಐದು ನಿಮಿಷ ಕಾಯಬೇಕು. ನೈಟ್ರೈಟಿಗೆ ಒಂದೇ ಬಾಟಲಿ, ಐದು ಹನಿ. ಅಮೋನಿಯ ಇಲ್ಲದಿದ್ದರೆ ನೀರು ನಿಂಬೆಹಣ್ಣಿನ ಹಳದಿ, ಇದ್ದಷ್ಟೂ ಹಸುರು. ನೈಟ್ರೈಟ್ ಇಲ್ಲದಿದ್ದರೆ ತಿಳಿನೀಲಿ, ಇದ್ದಷ್ಟೂ ನೇರಳೆ. ಮೊದಲ ಸಲ ನೈಟ್ರೈಟ್ ಕಂಡ ಸಂಜೆಯನ್ನು ನಾನು ಮರೆಯಲಾರೆ. ಐದನೆಯ ಹನಿ ಬಿದ್ದ ಕೂಡಲೇ ನೀರಿನ ಮೇಲ್ಭಾಗದಲ್ಲಿ ನೇರಳೆ ಹಣ್ಣಿನ ರಸದಂಥ ಒಂದು ಎಳೆ ಹುಟ್ಟಿತು, ಕೊಳವೆಯ ಗೋಡೆಗುಂಟ ಸುತ್ತುತ್ತ ಕೆಳಗಿಳಿಯಿತು, ಕುಲುಕಿದಾಗ ಇಡೀ ನೀರು ಒಂದೇ ಬಣ್ಣವಾಯಿತು. ಖಾಲಿ ತೊಟ್ಟಿಯಲ್ಲಿ ಏನೋ ಜೀವ ಹಿಡಿದಿದೆ ಎಂಬುದಕ್ಕೆ ನನಗೆ ಸಿಕ್ಕ ಮೊದಲ ಗುರುತು ಅದು.

ಮೀನಿಲ್ಲದೆ ಅಮೋನಿಯ ಎಲ್ಲಿಂದ ಬರಬೇಕು? ನಾನು ಅಮೋನಿಯಂ ಕ್ಲೋರೈಡ್ ಬಳಸಿದೆ. 3 ಗ್ರಾಂ ಪುಡಿಯನ್ನು 100 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ ಸೀಸೆಯಲ್ಲಿಟ್ಟು, ಮೇಲೆ ದೊಡ್ಡದಾಗಿ ಚೀಟಿ ಅಂಟಿಸಿ, ಮಕ್ಕಳ ಕೈಗೆ ಎಟುಕದ ಕಡೆ ಇಟ್ಟೆ. ಅದರಲ್ಲಿ 10 ಮಿಲಿಲೀಟರನ್ನು ಸಿರಿಂಜಿನಿಂದ ತೊಟ್ಟಿಗೆ ಹಾಕಿದರೆ 45 ಲೀಟರ್ ನೀರಿನಲ್ಲಿ ಅಮೋನಿಯ ಸುಮಾರು 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಹಾಕಿ ಒಂದು ಗಂಟೆಯ ನಂತರ ಪರೀಕ್ಷಿಸಿದೆ. ರಟ್ಟಿನ ಮೇಲಿನ 2ರ ಚೌಕಕ್ಕೂ ಕೊಳವೆಯ ಹಸುರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕಿಟ್ಟನ್ನು ನಂಬಬಹುದು ಎಂದು ನನಗೆ ಧೈರ್ಯ ಬಂದದ್ದು ಈ ಪರೀಕ್ಷೆಯಿಂದ. ಹೊಸದಾಗಿ ಕಿಟ್ ಕೊಂಡವರು ಇದೊಂದನ್ನು ಮಾಡಿ ನೋಡಬೇಕು: ತಿಳಿದ ಪ್ರಮಾಣ ಹಾಕಿ, ಅದೇ ಉತ್ತರ ಬರುತ್ತದೆಯೇ ಎಂದು ತಾಳೆ ನೋಡುವುದು.

ಮೊದಲ ಹತ್ತು ದಿನ ಏನೂ ಆಗಲಿಲ್ಲ. ಪ್ರತಿ ಸಂಜೆ ಅದೇ ಹಸುರು. ಐದನೆಯ ದಿನ ನೀರು ಹಾಲು ಕದಡಿದಂತೆ ಮಂಕಾಯಿತು. ಹಿಂದಿನ ನಾನಾಗಿದ್ದರೆ ಗಾಬರಿಯಾಗಿ ಎಲ್ಲವನ್ನೂ ಚೆಲ್ಲಿ ಮತ್ತೆ ತೊಳೆದಿರುತ್ತಿದ್ದೆ. ಕಿಟ್ ನೋಡಿದರೆ ಅಂಕಿಗಳು ಕದಲಿರಲಿಲ್ಲ. ನೀರನ್ನು ಮಂಕು ಮಾಡಿದ್ದು ಬೇರೆ ಬ್ಯಾಕ್ಟೀರಿಯಗಳು, ನೀರಿನಲ್ಲಿ ತೇಲುತ್ತ ಬೇಗ ಬೆಳೆಯುವಂಥವು. ಮೂರು ದಿನಕ್ಕೆ ತಾನೇ ತಿಳಿಯಾಯಿತು. ನಮಗೆ ಬೇಕಾದವು ನಿಧಾನಿಗಳು. ಬೇರೆ ಬ್ಯಾಕ್ಟೀರಿಯಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾದರೆ, ಇವಕ್ಕೆ ಒಳ್ಳೆಯ ಸ್ಥಿತಿಯಲ್ಲೂ ಹಲವಾರು ಗಂಟೆ ಬೇಕು. ಅವು ನೀರಿನಲ್ಲಿ ತೇಲುವುದಕ್ಕಿಂತ ಸ್ಪಂಜು, ಜಲ್ಲಿ, ಗಾಜಿನ ಮೈಗೆ ಅಂಟಿಕೊಂಡು ಬಾಳುವುದೇ ಹೆಚ್ಚು. ಫಿಲ್ಟರಿನ ಸದ್ದಿಗೆ ರಾತ್ರಿ ಅದನ್ನು ನಿಲ್ಲಿಸೋಣವೇ ಎಂದು ಮನೆಯವರು ಕೇಳಿದರು. ಬೇಡವೆಂದೆ. ಆಮ್ಲಜನಕವಿಲ್ಲದೆ ಅವು ಕೆಲಸ ಮಾಡುವುದಿಲ್ಲ.

ಹನ್ನೊಂದನೆಯ ದಿನ ಹಸುರು 1ಕ್ಕೆ ಇಳಿಯಿತು, ನೈಟ್ರೈಟ್ ಕಾಣಿಸಿಕೊಂಡಿತು. ಹದಿಮೂರರಂದು ಅಮೋನಿಯ ಸೊನ್ನೆಗೆ ಹತ್ತಿರ ಬಂತು. ಅಲ್ಲಿಂದ ದಿನ ಬಿಟ್ಟು ದಿನ 10 ಮಿಲಿಲೀಟರ್ ಹಾಕತೊಡಗಿದೆ. ಎರಡು ದಿನದೊಳಗೆ ಖಾಲಿ. ಹುರುಪಿನಲ್ಲಿದ್ದೆ. ಇನ್ನೊಂದು ವಾರಕ್ಕೆ ಮೀನು ಬರುತ್ತದೆ ಎಂದು ಮಗಳಿಗೆ ಹೇಳಿಯೂ ಬಿಟ್ಟೆ.

ಆದರೆ ನೈಟ್ರೈಟ್ ಕೊಳವೆ ಮಾತ್ರ ಕಡುನೇರಳೆಯಾಗಿ ನಿಂತುಬಿಟ್ಟಿತು. ರಟ್ಟಿನ ಕೊನೆಯ ಚೌಕ 5 ಪಿಪಿಎಂ. ಹದಿನೇಳನೆಯ ದಿನವೂ ಅದೇ, ಇಪ್ಪತ್ತೆರಡನೆಯ ದಿನವೂ ಅದೇ. ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದು. ಈ ಕಿಟ್ಟಿನ ದೊಡ್ಡ ಮಿತಿ ಇದೇ, ಮತ್ತು ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. 1 ಪಿಪಿಎಂ ಅಮೋನಿಯ ಪೂರ್ತಿ ನೈಟ್ರೈಟ್ ಆದರೆ ಅದು ಸುಮಾರು 2.7 ಪಿಪಿಎಂ ಆಗುತ್ತದೆ, ಏಕೆಂದರೆ ನೈಟ್ರೈಟಿನ ಅಣುತೂಕ ಅಷ್ಟು ಹೆಚ್ಚು. ಹಾಗಾಗಿ ನಾನು ಹಾಕಿದ ಒಂದೊಂದು 2 ಪಿಪಿಎಂ ಅಮೋನಿಯವೂ ಐದಕ್ಕಿಂತ ಹೆಚ್ಚು ಪಿಪಿಎಂ ನೈಟ್ರೈಟ್ ಆಗಿ ಒಂದರ ಮೇಲೊಂದು ಸೇರುತ್ತಿತ್ತು. ಎರಡನೆಯ ಸಲ ಹಾಕುವ ಹೊತ್ತಿಗೇ ರಟ್ಟಿನ ಅಳತೆ ಮುಗಿದುಹೋಗಿತ್ತು.

ಇಪ್ಪತ್ತನಾಲ್ಕನೆಯ ದಿನ ದಾರಿ ಹೊಳೆಯಿತು. ತೊಟ್ಟಿಯ ನೀರು 1 ಮಿಲಿಲೀಟರ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 9 ಮಿಲಿಲೀಟರ್ ಸೇರಿಸಿ, ಅದರಲ್ಲಿ 5 ಮಿಲಿಲೀಟರ್ ತೆಗೆದು ಪರೀಕ್ಷಿಸಿದೆ. 2 ತೋರಿಸಿತು. ಅಂದರೆ ತೊಟ್ಟಿಯಲ್ಲಿ ಇದ್ದದ್ದು ಸುಮಾರು 20. ಹತ್ತರಷ್ಟು ತೆಳು ಮಾಡಿ ಹತ್ತರಿಂದ ಗುಣಿಸುವ ಈ ಸರಳ ಉಪಾಯವನ್ನು ಚೀಟಿಯಲ್ಲಿ ಎರಡು ಸಾಲು ಬರೆದಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ಅಂದೇ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ಹೇಳುವ ಪಿಎಚ್ ಕೂಡ ನೋಡಿದೆ. ಮೂರು ಹನಿ ಹಾಕಿದರೆ ಎಂದಿನ ನೀಲಿಯ ಬದಲು ಹಸುರು ಹಳದಿ: 6.4. ಶುರುವಿನಲ್ಲಿ 7.6 ಇತ್ತು. ಅಮೋನಿಯವನ್ನು ತಿನ್ನುವ ಬ್ಯಾಕ್ಟೀರಿಯಗಳು ನೀರಿನ ಕ್ಷಾರವನ್ನೂ ಸವೆಸುತ್ತ ಹೋಗುತ್ತವೆ, ಅದು ಮುಗಿಯುತ್ತ ಬಂದಂತೆ ಪಿಎಚ್ ಜಾರುತ್ತದೆ, ಪಿಎಚ್ ಜಾರಿದರೆ ಅವುಗಳ ಕೆಲಸವೂ ಮಂದವಾಗುತ್ತದೆ. ನನ್ನ ತೊಟ್ಟಿ ಯಾಕೆ ನಿಂತಿತು ಎಂಬುದು ಆಗ ತಿಳಿಯಿತು. ಈ ಕಿಟ್ಟಿನ ಮೇಲೆ ನನ್ನ ಅತಿ ದೊಡ್ಡ ತಕರಾರೂ ಇಲ್ಲಿಯದೇ: ಆ ಕ್ಷಾರ ಎಷ್ಟು ಉಳಿದಿದೆ ಎಂದು ಹೇಳುವ ಕಾರ್ಬೊನೇಟ್ ಗಡಸುತನ, ಅಂದರೆ ಕೆಎಚ್ ಅಳೆಯುವ ಬಾಟಲಿ ಇದರಲ್ಲಿಲ್ಲ. ಪಿಎಚ್‌ಗೆಂದು ಎರಡು ಬಾಟಲಿ ಕೊಟ್ಟಿದ್ದಾರೆ, ಒಂದು ಕಡಿಮೆ ವ್ಯಾಪ್ತಿಗೆ, ಇನ್ನೊಂದು ಹೆಚ್ಚಿನ ವ್ಯಾಪ್ತಿಗೆ. ಅದರಲ್ಲೊಂದನ್ನು ಬಿಟ್ಟು ಕೆಎಚ್ ಕೊಟ್ಟಿದ್ದರೆ ಪಿಎಚ್ ಕುಸಿಯುವ ಮೊದಲೇ ಸೂಚನೆ ಸಿಗುತ್ತಿತ್ತು. ಪ್ರತ್ಯೇಕವಾಗಿ ಕೊಂಡು ನೋಡಿದಾಗ ತೊಟ್ಟಿಯಲ್ಲಿ ಉಳಿದದ್ದು 1 ಡಿಗ್ರಿ. ಅರ್ಧ ನೀರು ತೆಗೆದು, ಕ್ಲೋರಿನ್ ತೆಗೆದ ಹೊಸ ನೀರು ತುಂಬಿದೆ. ಮಾರನೆಯ ದಿನ ಇನ್ನೊಮ್ಮೆ ಅರ್ಧ. ಪಿಎಚ್ 7.4ಕ್ಕೆ ಏರಿತು, ನೈಟ್ರೈಟ್ 5ಕ್ಕೆ ಇಳಿಯಿತು. ನೀರು ಬದಲಿಸಿದರೆ ಬ್ಯಾಕ್ಟೀರಿಯ ಕೊಚ್ಚಿಹೋಗುತ್ತವೆಂಬ ಭಯ ನನಗೂ ಇತ್ತು. ಅವು ಇರುವುದು ಸ್ಪಂಜಿನಲ್ಲಿ. ಅಮೋನಿಯದ ಕೊಳವೆ ಮರುದಿನವೂ ಹಳದಿಯಾಗಿಯೇ ಇತ್ತು. ಅಲ್ಲಿಂದ ಮುಂದೆ ಮೂರು ದಿನಕ್ಕೊಮ್ಮೆ 5 ಮಿಲಿಲೀಟರ್ ಮಾತ್ರ ಹಾಕಿದೆ.

ಮೂವತ್ತಮೂರನೆಯ ದಿನ ನೈಟ್ರೈಟ್ ತಿಳಿನೀಲಿಯಾಯಿತು. ಹಿಂದಿನ ರಾತ್ರಿ ಇನ್ನೂ ನೇರಳೆಯಿದ್ದದ್ದು ಬೆಳಗಾಗುವುದರೊಳಗೆ ನೀಲಿ. ಬಾಟಲಿಯೇ ಕೆಟ್ಟಿದೆಯೇ ಎಂದು ಸಂಶಯಪಟ್ಟು ಇನ್ನೆರಡು ಸಲ ಮಾಡಿದೆ. ಮೂರೂ ಕೊಳವೆಗಳನ್ನು ಕಿಟಕಿಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿ ಮಗಳನ್ನು ಎಬ್ಬಿಸಿದೆ. ಏಳು ವರ್ಷ ಬೆಳೆದಿದ್ದಾಳೆ, ಹಳೆಯ ಪ್ರಶ್ನೆಯನ್ನು ಮರೆತಿರಬಹುದು ಎಂದುಕೊಂಡಿದ್ದೆ. ಮರೆತಿರಲಿಲ್ಲ. ‘ಅವತ್ತು ನಮ್ಮ ನೀರು ಯಾವ ಬಣ್ಣ ಬರುತ್ತಿತ್ತಮ್ಮ?’ ಎಂದು ಕೇಳಿದಳು. ರಟ್ಟಿನ ಮೇಲಿನ ಕಡುಹಸುರನ್ನು ಬೆರಳಿಟ್ಟು ತೋರಿಸಿದೆ.

ಬಳಕೆಯಲ್ಲಿ ಕಂಡ ಇನ್ನಷ್ಟು ಸಂಗತಿಗಳು. ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಬೇಕು. ಓರೆ ಹಿಡಿದರೆ ಹನಿಯ ಗಾತ್ರ ಬದಲಾಗಿ ಉತ್ತರವೂ ಬದಲಾಗುತ್ತದೆ. ಅಮೋನಿಯದ 0 ಮತ್ತು 0.25 ಚೌಕಗಳ ನಡುವಿನ ಭೇದ ಟ್ಯೂಬ್‌ಲೈಟಿನಲ್ಲಿ ಕಾಣುವುದೇ ಇಲ್ಲ. ಹಗಲಿನಲ್ಲಿ ಕಿಟಕಿಯ ಬಳಿ, ಹಿಂದೆ ಬಿಳಿ ಕಾಗದವಿಟ್ಟು ನೋಡಬೇಕು. ಅದಕ್ಕೂ ತೃಪ್ತಿಯಾಗದೆ ನಾನು ಪ್ರತಿ ಸಲವೂ ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರಿನ ಒಂದು ಕೊಳವೆ ಮಾಡಿಟ್ಟುಕೊಳ್ಳುತ್ತಿದ್ದೆ: ನಿಜವಾದ ಸೊನ್ನೆ ಹೇಗಿರುತ್ತದೆ ಎಂದು ಕಣ್ಣಿಗೆ ಗೊತ್ತಿದ್ದರೆ ಅನುಮಾನಕ್ಕೆ ಜಾಗವಿರುವುದಿಲ್ಲ. ಬಣ್ಣಗುರುಡು ಇರುವವರಿಗೆ ಹಸುರು ಹಳದಿಯ ಈ ರಟ್ಟು ನಿಜಕ್ಕೂ ಕಷ್ಟ, ಮನೆಯಲ್ಲಿ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ.

ನೈಟ್ರೇಟ್ ಪರೀಕ್ಷೆ ಬೇರೆಯೇ ಕಥೆ. ಅದರ ಎರಡನೆಯ ಬಾಟಲಿಯಲ್ಲಿರುವ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಅರ್ಧ ನಿಮಿಷ ಬಲವಾಗಿ ಕುಲುಕಿ, ಹನಿ ಹಾಕಿದ ಮೇಲೆ ಕೊಳವೆಯನ್ನೂ ಒಂದು ನಿಮಿಷ ಕುಲುಕಬೇಕು. ನಾನು ಬಾಟಲಿಯನ್ನು ಮೊದಲು ಮೇಜಿಗೆ ಮೆಲ್ಲಗೆ ಕುಟ್ಟಿ ಪುಡಿ ಬಿಡಿಸಿ, ಆಮೇಲೆ ಕುಲುಕುತ್ತೇನೆ. ಒಮ್ಮೆ ಅವಸರದಲ್ಲಿ ಹಾಗೇ ಹಾಕಿದಾಗ 5 ಬಂದಿತ್ತು, ಸರಿಯಾಗಿ ಮಾಡಿದಾಗ 40. ಸೋಮಾರಿತನಕ್ಕೆ ಈ ಬಾಟಲಿ ಸಿಹಿಸುದ್ದಿಯನ್ನೇ ಹೇಳುತ್ತದೆ, ಅದೇ ಅದರ ಅಪಾಯ. ಇನ್ನೊಂದು: ಈ ಪರೀಕ್ಷೆ ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿಕೊಂಡು ಅಳೆಯುವುದರಿಂದ, ನೀರಿನಲ್ಲಿ ನೈಟ್ರೈಟ್ ಇರುವಾಗ ಬರುವ ಅಂಕಿಯನ್ನು ನಂಬುವಂತಿಲ್ಲ. ನೈಟ್ರೈಟ್ ಸೊನ್ನೆಯಾದ ಮೇಲೆಯೇ ನೈಟ್ರೇಟ್ ನೋಡಬೇಕು.

ಕೊಳವೆಯ ಬಾಯಿಗೆ ಬೆರಳು ಒತ್ತಿ ಕುಲುಕುವ ಅಭ್ಯಾಸ ಬೇಡ, ಕೆಲವು ದ್ರಾವಣಗಳು ಚರ್ಮ ಸುಡುತ್ತವೆ. ನನ್ನ ಕಿಟ್ಟಿನ ಒಂದು ಮುಚ್ಚಳ ಮೊದಲಿನಿಂದಲೂ ಸಡಿಲ, ಅದನ್ನು ಬಳಸುವಾಗ ಕೈಗವಸು ಹಾಕಿಕೊಂಡೆ. ಇಂಥ ದ್ರಾವಣಗಳ ಪೆಟ್ಟಿಗೆಗೆ ಬಿಗಿಯಾದ ಮುಚ್ಚಳ ಕೊಡದಿರುವುದು ಸಣ್ಣ ತಪ್ಪಲ್ಲ. ಪರೀಕ್ಷಿಸಿದ ನೀರನ್ನು ತೊಟ್ಟಿಗೆ ಮರಳಿ ಸುರಿಯಲೇಬಾರದು. ಕೊಳ್ಳುವಾಗ ಬಾಟಲಿಯ ಮೇಲಿನ ಅವಧಿಯನ್ನು ಓದಿಕೊಳ್ಳಿ. ಹಳೆಯ ದ್ರಾವಣ ತಪ್ಪು ಬಣ್ಣ ಕೊಡುತ್ತದೆ, ಅದನ್ನು ನಂಬಿ ಬಿಟ್ಟ ಮೀನಿಗೆ ಎರಡನೆಯ ಅವಕಾಶವಿಲ್ಲ.

ನೀರಿನಲ್ಲಿ ಅದ್ದಿ ನೋಡುವ ಕಾಗದದ ಪಟ್ಟಿಗಳನ್ನೂ ಒಂದು ವಾರ ಜೊತೆಗೆ ಬಳಸಿದೆ. ಒಂದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ನಿಜ. ಆದರೆ ಅಂಥ ಬಹಳಷ್ಟು ಪಟ್ಟಿಗಳಲ್ಲಿ ಅಮೋನಿಯದ ಚೌಕವೇ ಇರುವುದಿಲ್ಲ, ನಾನು ತಂದದ್ದರಲ್ಲೂ ಇರಲಿಲ್ಲ. ಹೊಸ ತೊಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದನ್ನೇ ಬಿಟ್ಟ ಪಟ್ಟಿ ನನಗೆ ಬೇಡ. ಹಳೆಯ, ನೆಲೆಗೊಂಡ ತೊಟ್ಟಿಯವರು ಬಳಸಲಿ. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯವನ್ನು ನಾನು ಕೊಳ್ಳಲಿಲ್ಲ. ಅದನ್ನು ಕೊಂಡವರಿಗೂ ಅದು ಕೆಲಸ ಮಾಡಿತೇ ಎಂದು ಹೇಳುವುದು ಇದೇ ಹನಿಗಳು.

ಮೂವತ್ತನಾಲ್ಕನೆಯ ರಾತ್ರಿ ಎಂಟಕ್ಕೆ ಕೊನೆಯ ಪರೀಕ್ಷೆಗೆಂದು ಪೂರ್ತಿ 10 ಮಿಲಿಲೀಟರ್ ಹಾಕಿದೆ. ಮಾರನೆಯ ರಾತ್ರಿ ಎಂಟಕ್ಕೆ ಅಮೋನಿಯ ಹಳದಿ, ನೈಟ್ರೈಟ್ ನೀಲಿ. ಒಂದೇ ದಿನದಲ್ಲಿ 2 ಪಿಪಿಎಂ ಎರಡೂ ಹಂತ ದಾಟಿತ್ತು. ನೈಟ್ರೇಟ್ 40 ಇತ್ತು. ನಾಲ್ಕರಲ್ಲಿ ಮೂರು ಪಾಲು ನೀರು ಬದಲಿಸಿದಾಗ 10 ಮತ್ತು 20ರ ನಡುವೆ ಬಂತು. ಹೀಟರನ್ನು 25ಕ್ಕೆ ಇಳಿಸಿದೆ.

ಮೂವತ್ತಾರನೆಯ ದಿನ ಜೀಬ್ರಾ ಡ್ಯಾನಿಯೊ ಎಂಬ ಆರು ಪುಟ್ಟ ಮೀನು ತಂದೆವು. ಚೀಲವನ್ನು ನೀರಿನ ಮೇಲೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಸೇರಿಸಿ, ಬಲೆಯಿಂದ ಎತ್ತಿ ಬಿಟ್ಟೆವು. ಚೀಲದ ನೀರನ್ನು ಹೊರಗೆ ಚೆಲ್ಲುವ ಮೊದಲು ಮಗಳು ಅದರಿಂದ 5 ಮಿಲಿಲೀಟರ್ ತೆಗೆದು ತಾನೇ ಹನಿ ಎಣಿಸಿದಳು. ಐದು ನಿಮಿಷಕ್ಕೆ ಅದು ಹಸುರಾಯಿತು, 1 ಪಿಪಿಎಂ. ಮೀನು ಬಂದ ನಾಲ್ಕನೆಯ ದಿನ ಸಂಜೆ ನಾನು ತೊಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದೆ. ಯಾವ ಮೀನೂ ಮೇಲೆ ಬಂದು ಬಾಯಿ ತೆರೆಯಲಿಲ್ಲ. ಮಗಳು ಅಷ್ಟರಲ್ಲಿ ಎರಡು ಕೊಳವೆ ತುಂಬಿ ಕಿಟಕಿಯಲ್ಲಿಟ್ಟಿದ್ದಳು, ಒಂದು ಹಳದಿ, ಒಂದು ನೀಲಿ.